ಸನದಿನ ಪೆಟ್ಟಿಗೆ: ನರಗುಂದದ ಬಂಡಾಯ ಮತ್ತು ನಮ್ಮ ಕಡೆಯ ದೊಡ್ಡಮನೆಗಳು

(ಗದಗ ಜಿಲ್ಲೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿ ಇಲ್ಲಿ ಸೇರಿಸಿದ್ದೇನೆ.)

ನಾನು ಮಾತು ಶುರು ಮಾಡುವ ಮುಂಚೆಯೇ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನರಗುಂದದ ಬಾಬಾಸಾಹೇಬರು ಸತ್ತದ್ದು ದೇಶಕ್ಕಾಗಿಯೋ, ದತ್ತಕಕ್ಕಾಗಿಯೋ?" ಅಂತ ಕೇಳಿದಳು. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ನರಗುಂದದ ಸಂಸ್ಥಾನಿಕರ ಬಗ್ಗೆ ಅವಳ ಪ್ರಶ್ನೆ. ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿದೆ. ಈ ಒಂದು ಪ್ರಶ್ನೆ ಹಿಡಿದುಕೊಂಡು ಮಾತಾಡಿದರೆ ಸಾಕು ಅನಿಸಿತು.

ನರಗುಂದ ಬಂಡಾಯ ಅಂದರೆ ನಿಮ್ಮ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದು 1980ರ ಜುಲೈ. ಮಲಪ್ರಭಾ ಕಾಲುವೆಯ ಕರ, ಸಿಟ್ಟೆದ್ದ ರೈತರು, ಗೋಲಿಬಾರು. ನಾನು ಹೇಳುವುದು ಅದಕ್ಕೂ 122 ವರ್ಷ ಹಿಂದಿನ ಬಂಡಾಯ. 1858ರ ಮೇ ತಿಂಗಳು. ಊರು ಅದೇ, ಗುಡ್ಡ ಅದೇ. ಮುಂದೆ ನಿಂತವರು ಮಾತ್ರ ಬೇರೆ. 1980ರಲ್ಲಿ ರೈತರು ತಾವೇ ಮುಂದೆ ಬಂದರು. 1858ರಲ್ಲಿ ಮುಂದೆ ಬಂದದ್ದು ದೊಡ್ಡಮನೆಯವರು.

ದೊಡ್ಡಮನೆ ಅಂದರೆ ಬರೀ ದುಡ್ಡಿದ್ದ ಮನೆ ಅಲ್ಲ. ಆಗ ನಮ್ಮ ಕಡೆ ಸಂಸ್ಥಾನಿಕರಿದ್ದರು, ದೇಸಾಯರಿದ್ದರು, ನಾಡಗೌಡರಿದ್ದರು. ಅವರ ಕೆಳಗೆ ಊರೂರಿಗೆ ಗೌಡ, ಕುಲಕರ್ಣಿ. ಒಬ್ಬೊಬ್ಬರಿಗೂ ವತನ ಅಂತ ಭೂಮಿ ಇತ್ತು. ಆ ಭೂಮಿ ಸುಮ್ನೆ ಸಿಕ್ಕದ್ದಲ್ಲ. ಇಷ್ಟು ಕುದುರೆ ಸಾಕಬೇಕು, ಇಷ್ಟು ಬಂಟರನ್ನು ಇಟ್ಟುಕೊಳ್ಳಬೇಕು, ಕಂದಾಯ ಎತ್ತಿ ಕೊಡಬೇಕು, ಗುಡಿಯ ದೀಪ ನಡೆಸಬೇಕು. ವಾಡೆಯ ಬಾಗಿಲು ಕಾಯುವವನಿಂದ ಹಿಡಿದು ಜಾತ್ರೆಯಲ್ಲಿ ಹಲಗೆ ಬಾರಿಸುವವನವರೆಗೆ ಹತ್ತಾರು ಮನೆಗಳ ಅನ್ನ ಆ ಒಂದು ವತನಕ್ಕೆ ಜೋತುಬಿದ್ದಿತ್ತು.

ಇಂಥ ಪ್ರತಿ ಮನೆಯಲ್ಲೂ ಒಂದು ಪೆಟ್ಟಿಗೆ ಇರುತ್ತಿತ್ತು. ಕೆಲವು ಹಳೆಯ ವಾಡೆಗಳಲ್ಲಿ ಈಗಲೂ ಇದೆ. ಒಂದು ವಾಡೆಯಲ್ಲಿ ಅಂಥ ಪೆಟ್ಟಿಗೆ ತೆರೆದು ತೋರಿಸಿದ್ದನ್ನು ನಾನು ನೋಡಿದ್ದೇನೆ. ಮೇಲಿನ ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ. ಒಳಗೆ ಕೆಂಪು ಅರಿವೆಯ ಗಂಟು. ಗಂಟಿನೊಳಗೆ ಸುರುಳಿ ಸುತ್ತಿದ ಉದ್ದುದ್ದ ಕಾಗದ. ಮೋಡಿ ಅನ್ನುವ ಹಳೆಯ ಮರಾಠಿ ಲಿಪಿಯ ಅಕ್ಷರ, ಮೇಲೆ ಮುದ್ರೆ. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಗೆದ್ದಲು ತಿಂದಿತ್ತು. ಅದು ಸನದು. ಈ ಭೂಮಿ ನಿಮ್ಮ ವಂಶಕ್ಕೆ ಅಂತ ಯಾವನೋ ಒಬ್ಬ ದೊರೆ ಯಾವಾಗಲೋ ಬರೆದುಕೊಟ್ಟ ಮಾತು. ಆ ಮನೆಯ ಅಜ್ಜ ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ದೇವರ ಪೆಟ್ಟಿಗೆಗೂ ಆ ಪೆಟ್ಟಿಗೆಗೂ ಅವರಿಗೆ ಬೇಧ ಇರಲಿಲ್ಲ.

ಇಂಗ್ಲಿಷರು ಕೈ ಹಾಕಿದ್ದು ಆ ಪೆಟ್ಟಿಗೆಗೇ. 1843ರಲ್ಲಿ ಧಾರವಾಡದ ಕಡೆ ಇನಾಮು, ಅಂದರೆ ಕಂದಾಯದ ರಿಯಾಯಿತಿ ಕೊಟ್ಟು ಬಿಟ್ಟ ಭೂಮಿಗಳ ತನಿಖೆ ಶುರುವಾಯಿತು. 1852ರಲ್ಲಿ ಕಾಯ್ದೆಯನ್ನೇ ಮಾಡಿ ಇನಾಂ ಕಮಿಷನ್‌ಗೆ ಪೂರ್ತಿ ಅಧಿಕಾರ ಕೊಟ್ಟರು. ಸನದು ತೋರಿಸು, ಇಲ್ಲದಿದ್ದರೆ ಭೂಮಿ ಬಿಡು ಅನ್ನುವ ಲೆಕ್ಕ. ಎಷ್ಟೋ ಮನೆಯಲ್ಲಿ ಕಾಗದ ಹುಳ ತಿಂದಿತ್ತು. ಇನ್ನೆಷ್ಟೋ ಕಡೆ ದಂಗೆ, ಲೂಟಿಗಳಲ್ಲಿ ಸುಟ್ಟುಹೋಗಿತ್ತು. ಬಾಯಿಮಾತಿನ ಮೇಲೆ ಮೂರು ತಲೆಮಾರು ಉಂಡವರೂ ಇದ್ದರು. ಅವರೆಲ್ಲ ಈಗ ಕಚೇರಿಯ ಕಟ್ಟೆಯ ಮೇಲೆ ಕೂತು ತಮ್ಮ ಅಜ್ಜನ ಭೂಮಿ ತಮ್ಮದು ಅಂತ ಸಾಬೀತು ಮಾಡಬೇಕಾಯಿತು. ಸಾವಿರಾರು ಇನಾಮು ಹೋದವು. ಈ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಒಬ್ಬ ಅಧಿಕಾರಿಯ ಹೆಸರು ಚಾರ್ಲ್ಸ್ ಮ್ಯಾನ್ಸನ್. ಈ ಹೆಸರು ನೆನಪಿಟ್ಟುಕೊಳ್ಳಿ.

ಎರಡನೆಯದು ದತ್ತಕ. ಮಕ್ಕಳಿಲ್ಲದ ಮನೆ ದತ್ತು ತೆಗೆದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಕಂಪನಿ ಸರ್ಕಾರ ಅದನ್ನು ಒಪ್ಪಿದರೆ ವಂಶ ಮುಂದುವರಿಯುತ್ತಿತ್ತು. ಒಪ್ಪದಿದ್ದರೆ ಸಂಸ್ಥಾನ ಸರ್ಕಾರದ್ದು. ಕಿತ್ತೂರಿನಲ್ಲಿ 1824ರಲ್ಲಿ ಆದದ್ದು ನಿಮಗೆ ಗೊತ್ತು. ಸಾತಾರಾ 1848ರಲ್ಲಿ ಹೋಯಿತು. ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಜನ ಬಾಬಾಸಾಹೇಬ ಅಂತ ಕರೆಯುವವರು, ಇದ್ದ ಒಬ್ಬ ಮಗನನ್ನು ಕಳೆದುಕೊಂಡಿದ್ದರು. ದತ್ತಕಕ್ಕೆ ಅರ್ಜಿ ಹಾಕಿದರು. ಸರ್ಕಾರ ಆಗುವುದಿಲ್ಲ ಅಂದಿತು.

ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಬಾಸಾಹೇಬರು ಓದಿನ ಹುಚ್ಚಿನ ಮನುಷ್ಯ. ಅವರ ವಾಡೆಯಲ್ಲಿ ಮೂರು–ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳಿದ್ದವು ಅಂತ ಇಂಗ್ಲಿಷರ ಗೆಜೆಟಿಯರೇ ಬರೆದಿದೆ. ಆ ಕಾಲಕ್ಕೆ, ಈ ಎರೆಮಣ್ಣಿನ ನಾಡಿನ ಒಂದು ಸಣ್ಣ ಊರಲ್ಲಿ ಅಷ್ಟು ಪುಸ್ತಕ! ಕತ್ತಿ ಹಿರಿಯಲು ಕಾಯುತ್ತಿದ್ದ ಮನುಷ್ಯನ ಮನೆ ಹಾಗಿರುವುದಿಲ್ಲ, ಅಲ್ವಾ?

ಈಗ ಪೆಟ್ಟಿಗೆಯೇ ಇಲ್ಲದವರ ಕಡೆ ಬರುತ್ತೇನೆ. ಹಲಗಲಿ. ಎಸ್ಸೆಸ್ಸೆಲ್ಸಿಯಲ್ಲಿ ಲಾವಣಿ ಓದಿದ್ದೀರಿ. ಮುಧೋಳ ಸಂಸ್ಥಾನದ ಒಂದು ಊರು, ಬೇಡರ ಊರು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಆಯುಧ ತಂದು ಒಪ್ಪಿಸಿ ಅಂತ ಹುಕುಂ. ಬೇಡನಿಗೆ ಕತ್ತಿ, ಬಂದೂಕು ಅಂದರೆ ಬೇಟೆ, ಕಾವಲು, ಮರ್ಯಾದೆ ಎಲ್ಲ ಒಂದೇ. ಅವನ ಬಳಿ ಬೇರೆ ಸನದು ಇರಲಿಲ್ಲ. ಕೈಯಲ್ಲಿದ್ದ ಆಯುಧವೇ ಸನದು. ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು. ಊರಿಗೆ ಬೆಂಕಿ ಬಿತ್ತು. ನೂರರ ಹತ್ತಿರ ಜನ ಸತ್ತರು. 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೆ ಹಾಕಿದರು.

ಆ ಲಾವಣಿಯಲ್ಲಿ ಲೂಟಿಯಾದ ಸಾಮಾನಿನ ಪಟ್ಟಿ ಬರುತ್ತದೆ, ನೆನಪಿದೆಯಾ? ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ. ಪಾಠ ಓದುವಾಗ ಹುಡುಗರು ಆ ಪಟ್ಟಿಯನ್ನು ಬೇಗ ಬೇಗ ಓದಿ ಮುಗಿಸುತ್ತಾರೆ. ನಿಧಾನ ಓದಬೇಕು. ರಾಜರ ಲಾವಣಿಯಲ್ಲಾದರೆ ಆನೆ, ಕುದುರೆ, ಹೊನ್ನು ಲೂಟಿಯಾಗುತ್ತದೆ. ಇಲ್ಲಿ ಹೋದದ್ದು ಅಡುಗೆಮನೆಯ ಜೀರಿಗೆ. ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿ ಮುಂದೆ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಹಾಗಾಗಿ ಆ ಪಟ್ಟಿ ಉಳಿಯಿತು.

ಹಲಗಲಿಯ ಪರವಾಗಿ ಯಾವ ದೊಡ್ಡಮನೆ ನಿಂತಿತು? ಮುಧೋಳದ ದರಬಾರು ಕಾಯ್ದೆಯ ಕಡೆ ನಿಂತಿತು. ಉಳಿದವರು ತಮ್ಮ ತಮ್ಮ ವಾಡೆಯಲ್ಲಿದ್ದರು.

ಮುಂದಿನ ಫೆಬ್ರವರಿಯಲ್ಲಿ ಸುರಪುರ ಎದ್ದಿತು. ರಾಜಾ ವೆಂಕಟಪ್ಪ ನಾಯಕ, ಇನ್ನೂ ಹರೆಯದವನು. ಅವನ ಬಾಲ್ಯದಲ್ಲಿ ಸಂಸ್ಥಾನ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅನ್ನುವ ಇಂಗ್ಲಿಷ್ ಅಧಿಕಾರಿಯನ್ನು ಅಪ್ಪಾ ಅಂತ ಕರೆದು ಬೆಳೆದ ಹುಡುಗ ಅವನು. ಕೊನೆಗೆ ಹೈದರಾಬಾದಿನಲ್ಲಿ ಸೆರೆಯಾದ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ಸುರಪುರದ್ದು ಒಂದು ಇಡೀ ದಿನದ ಮಾತು. ಇವತ್ತು ಬಿಡುತ್ತೇನೆ.

ಮೇ ತಿಂಗಳಿಗೆ ಬರೋಣ. ಈ ಬಂಡಾಯದಲ್ಲಿ ನನಗೆ ಬಹಳ ಹತ್ತಿರದ ಮನುಷ್ಯ ಮುಂಡರಗಿ ಭೀಮರಾಯ. ನಾಡಗೌಡರ ಮನೆತನ. ಓದು ಬಲ್ಲವನು. ಬಳ್ಳಾರಿ ಜಿಲ್ಲೆಯಲ್ಲಿ ಇಂಗ್ಲಿಷರ ಕೆಳಗೇ ತಹಸೀಲ್ದಾರಿಕೆ ಮಾಡಿ ಕೆಲಸ ಕಳೆದುಕೊಂಡಿದ್ದವನು. ಕಚೇರಿ ಹೇಗೆ ನಡೆಯುತ್ತದೆ, ಖಜಾನೆ ಎಲ್ಲಿರುತ್ತದೆ, ಟಪಾಲು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲ ಗೊತ್ತಿದ್ದವನು. ಸಂಸ್ಥಾನಿಕನ ಹತ್ತಿರ ಕೋಟೆ ಇತ್ತು, ದೇಸಾಯಿ ಹತ್ತಿರ ಬಂಟರಿದ್ದರು. ಸರ್ಕಾರದ ಒಳಗನ್ನು ಬಲ್ಲ ತಲೆ ಇದ್ದದ್ದು ಭೀಮರಾಯನ ಹತ್ತಿರ. ನರಗುಂದದ ಬಾಬಾಸಾಹೇಬ, ಹಮ್ಮಿಗಿಯ ಕೆಂಚನಗೌಡ, ಸೊರಟೂರು, ಡಂಬಳದ ದೇಸಾಯರು, ಇವರನ್ನೆಲ್ಲ ಒಂದು ದಾರದಲ್ಲಿ ಪೋಣಿಸಲು ಓಡಾಡಿದವನು ಅವನೇ.

ಕೆಂಚನಗೌಡ ಹಮ್ಮಿಗಿಯಲ್ಲಿ ಆಯುಧ ಕೂಡಿಸಿ ಬಚ್ಚಿಟ್ಟಿದ್ದ. ಸರ್ಕಾರಕ್ಕೆ ಅದರ ಸುಳಿವು ಸಿಕ್ಕಿತು. ಆಯುಧ ಹಿಡಿದು ಅಲ್ಲೇ ಕಾವಲು ಹಾಕಿದರು. ಇನ್ನು ಕಾಯಲು ಆಗುವ ಹಾಗಿರಲಿಲ್ಲ. ಭೀಮರಾಯ ತನ್ನವರನ್ನು ಕಟ್ಟಿಕೊಂಡು ಬಂದು ಕಾವಲಿನ ಮೇಲೆ ಬಿದ್ದ. ಆಯುಧ ವಾಪಸ್ ಕಸಿದುಕೊಂಡ. ಅಲ್ಲಿಂದ ಡಂಬಳದ ಖಜಾನೆ. ಅಲ್ಲಿಂದ ಕೊಪ್ಪಳದ ಕೋಟೆ. ಕೊಪ್ಪಳ ಆಗ ನಿಜಾಮನ ಸೀಮೆ. ಹಾಗಂತ ಇಂಗ್ಲಿಷರ ದಂಡು ಗಡಿ ನೋಡಿ ನಿಲ್ಲಲಿಲ್ಲ. ಮೇಜರ್ ಹ್ಯೂಸ್‌ನ ಪಡೆ ಕೋಟೆಗೆ ನುಗ್ಗಿತು. ಭೀಮರಾಯ ಅಲ್ಲೇ ಬಿದ್ದ, ಪಕ್ಕದಲ್ಲಿ ಕೆಂಚನಗೌಡನೂ ಬಿದ್ದ. ಎದ್ದು ನಿಂತು ಸುಮಾರು ಒಂದು ವಾರದಲ್ಲೇ ಎಲ್ಲ ಮುಗಿದಿತ್ತು.

ಇತ್ತ ನರಗುಂದ. ಮ್ಯಾನ್ಸನ್‌ನನ್ನು ಹೊಸದಾಗಿ ಈ ಭಾಗದ ಪೊಲಿಟಿಕಲ್ ಏಜೆಂಟ್, ಅಂದರೆ ಸಂಸ್ಥಾನಗಳ ಮೇಲೆ ಕಣ್ಣಿಡುವ ಸರ್ಕಾರದ ಅಧಿಕಾರಿ, ಮಾಡಿದ್ದರು. ಇನಾಂ ಕಮಿಷನ್ನಿನಿಂದಾಗಿ ಅವನ ಹೆಸರು ಕೇಳಿದರೆ ಸಾಕು, ವಾಡೆಗಳಲ್ಲಿ ಹಲ್ಲು ಕಡಿಯುತ್ತಿದ್ದರು. ಗಲಾಟೆ ಸುದ್ದಿ ಕೇಳಿ ಅವನು ಕೆಲವೇ ಸವಾರರ ಜೊತೆ ರಾಮದುರ್ಗಕ್ಕೆ ಬಂದ.

ರಾಮದುರ್ಗದ ಸಂಸ್ಥಾನಿಕ ಯಾರು? ಬಾಬಾಸಾಹೇಬರ ಮಲಸಹೋದರ. ಅದೇ ಭಾವೆ ಮನೆತನ. ಅವರಿಗೂ ಬಾಬಾಸಾಹೇಬರಿಂದ ಪತ್ರ ಬಂದಿತ್ತು. ಆ ಪತ್ರವನ್ನು ಅವರು ಮ್ಯಾನ್ಸನ್‌ನ ಕೈಗಿಟ್ಟರು. ನರಗುಂದದ ಸೀಮೆಯಲ್ಲಿ ಹಾದು ಹೋಗಬೇಡಿ ಅಂತ ಎಚ್ಚರಿಕೆಯನ್ನೂ ಹೇಳಿದರು. ಮ್ಯಾನ್ಸನ್ ಕೇಳಲಿಲ್ಲ. ಕರ್ನಲ್ ಮಾಲ್ಕಂನ ದಂಡನ್ನು ಕೂಡಿಕೊಳ್ಳಬೇಕು ಅಂತ ಹೊರಟುಬಿಟ್ಟ.

ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ. ದಾರಿ ನಡೆದು ದಣಿದಿದ್ದ. ಮೇಣೆಯಲ್ಲೇ ಮಲಗಿದ. ನರಗುಂದಕ್ಕೆ ಸುದ್ದಿ ಮುಟ್ಟಿತು. ಏಳೆಂಟು ನೂರು ಜನ ಕತ್ತಲಲ್ಲಿ ಬಂದರು. ಗದ್ದಲಕ್ಕೆ ಎಚ್ಚೆತ್ತ ಮ್ಯಾನ್ಸನ್ ಮೇಣೆಯಿಂದಲೇ ಗುಂಡು ಹಾರಿಸಿ ಒಬ್ಬನನ್ನು ಗಾಯಗೊಳಿಸಿದ. ಅಷ್ಟೇ. ತಲೆ ಕಡಿದು ತಂದು ನರಗುಂದದ ಅಗಸಿಗೆ, ಅಂದರೆ ಊರಬಾಗಿಲಿಗೆ, ತೂಗುಹಾಕಿದರು. ದೇಹ ಅಲ್ಲೇ ಉರಿಯುತ್ತಿದ್ದ ಬೆಂಕಿಗೆ ಹೋಯಿತು. ನಾನು ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮಲಗಿದ್ದವನನ್ನು ಕೊಂದ ಕತೆ ಹೇಳುವಾಗ ಗಂಟಲು ಕಟ್ಟುತ್ತದೆ. ಆದರೆ ಆ ರಾತ್ರಿ ಅಗಸಿಯ ಕೆಳಗೆ ನಿಂತು ಮೇಲೆ ನೋಡಿದ ಜನರಿಗೆ ಅಲ್ಲಿ ಕಂಡದ್ದು ಒಬ್ಬ ಮನುಷ್ಯನ ಮುಖ ಅಲ್ಲ. ಅವರಿಗೆ ಕಂಡದ್ದು ಇನಾಂ ಕಮಿಷನ್. ಅದನ್ನೂ ಮುಚ್ಚಿಡದೆ ಹೇಳಬೇಕು.

ಜೂನ್ 1ರಂದು ಮಾಲ್ಕಂ ಬಂದ. ನರಗುಂದದವರು ಬಯಲಿಗಿಳಿದು ಎದುರಿಸಿದರು, ನಿಲ್ಲಲಾಗದೆ ಹಿಂದಕ್ಕೆ ಸರಿದರು. ಊರು ಬಿತ್ತು. ಉಳಿದದ್ದು ಗುಡ್ಡದ ಮೇಲಿನ ಕೋಟೆ. ನೀವು ಯಾರಾದರೂ ಆ ಗುಡ್ಡ ಹತ್ತಿದ್ದರೆ ನಾನು ಹೇಳುವುದು ಗೊತ್ತಾಗುತ್ತದೆ. ಸುತ್ತ ಎಲ್ಲಿ ನೋಡಿದರೂ ಸಮತಟ್ಟು ಎರೆಹೊಲ. ನಡುವೆ ಎದ್ದು ನಿಂತ ಒಂದೇ ಒಂದು ಗುಡ್ಡ. ಮೇಲೆ ನಿಂತರೆ ಹರದಾರಿ ದೂರದಲ್ಲಿ ಬರುವ ಗಾಡಿಯ ಧೂಳು ಕಾಣುತ್ತದೆ. ಕಾಳು, ನೀರು, ಮದ್ದು ಇದ್ದು, ಹಿಡಿದು ಕೂರುವ ಮನಸ್ಸಿದ್ದರೆ ಅಲ್ಲಿಂದ ಯಾರನ್ನೂ ಬೇಗ ಇಳಿಸಲು ಆಗುವುದಿಲ್ಲ. ಆದರೆ ಜೂನ್ 2ರ ಬೆಳಿಗ್ಗೆ ಇಂಗ್ಲಿಷರು ಹತ್ತಿ ಹೋದಾಗ ಕೋಟೆ ಖಾಲಿಯಾಗಿತ್ತು.

ಯಾಕೆ? ಊರ ಜನ ಒಂದು ಮಾತು ಹೇಳುತ್ತಾರೆ. ವಾಡೆಯ ಒಳಗಿನವರೇ ಮದ್ದಿನಲ್ಲಿ ಕಲಬೆರಕೆ ಮಾಡಿದರು, ಫಿರಂಗಿ ಹಾರಲಿಲ್ಲ ಅಂತ. ಊರ ಮಾತನ್ನು ನಾನು ಕಡೆಗಣಿಸುವುದಿಲ್ಲ. ಆದರೆ ನಮ್ಮ ಪ್ರತಿ ಸೋಲಿಗೂ ಒಬ್ಬ ಮನೆಮುರುಕನನ್ನು ಹುಡುಕಿ ಅಲ್ಲಿಗೆ ವಿಚಾರ ನಿಲ್ಲಿಸುವುದು ನಮಗೆ ಜಾಸ್ತಿ ರೂಢಿಯಾಗಿದೆ. ಕಿತ್ತೂರಿನ ಕತೆಯಲ್ಲೂ ಹಾಗೆಯೇ, ರಾಯಣ್ಣನ ಕತೆಯಲ್ಲೂ ಹಾಗೆಯೇ. ನನಗೆ ತೋರುವುದು ಬೇರೆ. ಮದ್ದು ಚೆನ್ನಾಗಿದ್ದರೂ ನರಗುಂದ ಒಂಟಿಯಾಗಿತ್ತು. ಕೊಪ್ಪಳ ಬೀಳುತ್ತಿದ್ದ ಹೊತ್ತು ಅದು. ರಾಮದುರ್ಗ ಇಂಗ್ಲಿಷರ ಕಡೆ. ಮುಧೋಳವೂ ಅವರ ಕಡೆ. ಸುರಪುರ ಮುಗಿದು ಮೂರು ತಿಂಗಳಾಗಿತ್ತು. ಗುಡ್ಡದ ಮೇಲೆ ಕೂತು ಯಾರ ದಾರಿ ಕಾಯಬೇಕಿತ್ತು?

ಬಾಬಾಸಾಹೇಬರು ಪಂಢರಪುರಕ್ಕೆ ಹೋಗುವ ಯಾತ್ರಿಕನ ವೇಷದಲ್ಲಿ ತೊರಗಲ್ಲಿನ ಕಾಡಿನ ಕಡೆ ಹೋಗಿದ್ದರು. ಬೆಳಗಾವಿಯ ಪೊಲೀಸ್ ಅಧಿಕಾರಿ ಫ್ರಾಂಕ್ ಸೂಟರ್ ಬೆನ್ನು ಹತ್ತಿ ಹಿಡಿದ. ಮುಂದೆ ಮುಂಬಯಿಯ ಮೊದಲ ಪೊಲೀಸ್ ಕಮಿಷನರ್ ಆದದ್ದು ಇವನೇ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಸುರೇಬಾನದ ರಾತ್ರಿಯಿಂದ ಲೆಕ್ಕ ಹಾಕಿದರೆ ಎರಡು ವಾರ. ಅವರ ತಾಯಿ ಮತ್ತು ಹೆಂಡತಿಯ ಹೆಣಗಳು ಮಲಪ್ರಭೆಯಲ್ಲಿ ಸಿಕ್ಕವು. ಅತ್ತೆ, ಸೊಸೆ ಕೂಡಿಯೇ ಹೊಳೆಗೆ ಇಳಿದಿದ್ದರು. ಬಂಡಾಯದ ಬಗ್ಗೆ ಆ ಇಬ್ಬರನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಂಸ್ಥಾನ ಸರ್ಕಾರದ ಪಾಲಾಯಿತು. ಸಾವಿರಗಟ್ಟಲೆ ಗ್ರಂಥಗಳ ಆ ಭಂಡಾರವೂ ಹಾಳಾಯಿತು.

ಇನ್ನೊಂದು ತಾರೀಖು ಹೇಳುತ್ತೇನೆ. 1858ರ ನವೆಂಬರ್ 1. ಬಾಬಾಸಾಹೇಬರು ಸತ್ತು ಐದು ತಿಂಗಳೂ ಆಗಿಲ್ಲ. ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ದೇಶೀಯ ಅರಸರ ಹಕ್ಕು, ಮಾನ, ಘನತೆಯನ್ನು ಕಾಪಾಡುತ್ತೇವೆ ಅಂತ ಅದರಲ್ಲಿ ಮಾತು ಕೊಟ್ಟರು. ಅದಾದ ಮೇಲೆ ವೈಸರಾಯ್ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಹಕ್ಕಿನ ಸನದನ್ನೇ ಹಂಚಿದ. ನರಗುಂದ ಬೇಡಿ ಬೇಡಿ ಸಿಗದ ಕಾಗದ ಅದು. ಉಳಿದ ಸಂಸ್ಥಾನಗಳಿಗೆ ಅದು ಸಿಕ್ಕಿದ್ದು ನರಗುಂದದಂಥ ಮನೆಗಳು ಸುಟ್ಟದ್ದರಿಂದಲೇ. ರಾಮದುರ್ಗದ ಗಾದಿ ಸ್ವಾತಂತ್ರ್ಯ ಬರುವವರೆಗೂ ನಡೆಯಿತು.

ಈಗ ಆ ಹುಡುಗಿಯ ಪ್ರಶ್ನೆ. ದೇಶಕ್ಕೋ, ದತ್ತಕಕ್ಕೋ?

ನೋಡಮ್ಮ, ನಮ್ಮ ಕಾಲದ ಕಣ್ಣಿಗೆ ಅವು ಎರಡು. ಅವರಿಗೆ ಎರಡಾಗಿರಲಿಲ್ಲ. ಮನೆಗೆ ಮಗ ಬೇಕು, ಮಗನಿದ್ದರೆ ಗಾದಿ ಉಳಿಯುತ್ತದೆ, ಗಾದಿ ಉಳಿದರೆ ಗುಡಿಯ ದೀಪ, ಬಂಟರ ಅನ್ನ, ಊರಿನ ಮರ್ಯಾದೆ ಉಳಿಯುತ್ತದೆ. ಅದರ ಮೇಲೆ ಪರದೇಶದವನು ಕೈ ಹಾಕಿದ. ಅವರ ವಾಡೆಯ ಮಾತು ಮರಾಠಿ, ಬಂಟರ ಮಾತು ಕನ್ನಡ. ಆದರೂ ಸುರೇಬಾನದ ಕತ್ತಲಿಗೆ ನೂರಾರು ಜನ ಅವರ ಹಿಂದೆ ಬಂದರು. ಒಬ್ಬ ರಾಯರಿಗೆ ದತ್ತುಮಗ ಬೇಕು ಅನ್ನುವುದಕ್ಕೆ ಅಷ್ಟು ಜನ ಕೊರಳು ಕೊಡುವುದಿಲ್ಲ. ತಮ್ಮ ಸ್ವಂತ ನೋವಿನಿಂದ ಎದ್ದರು ಅನ್ನುವ ಕಾರಣಕ್ಕೆ ಅವರ ದೇಶಪ್ರೇಮವನ್ನು ಯಾರಾದರೂ ಕಡಿಮೆ ಮಾಡಿದರೆ ನಾನು ಒಪ್ಪುವುದಿಲ್ಲ. ನೋವು ಶುರುವಾಗುವುದು ಸ್ವಂತ ಮನೆಯಿಂದಲೇ. ಹಲಗಲಿಯ ಬೇಡನಿಗೂ ಶುರುವಾದದ್ದು ತನ್ನ ಬಂದೂಕಿನಿಂದ.

ಆದರೆ ಅದೇ ಪೆಟ್ಟಿಗೆ ರಾಮದುರ್ಗದಲ್ಲೂ ಇತ್ತು. ಅದೇ ವಂಶ, ಅದೇ ಮುದ್ರೆ. ನರಗುಂದದವರು ಅದನ್ನು ಉಳಿಸಿಕೊಳ್ಳಲು ಕತ್ತಿ ಹಿಡಿದರು, ರಾಮದುರ್ಗದವರು ಅದನ್ನೇ ಉಳಿಸಿಕೊಳ್ಳಲು ಪತ್ರ ತೋರಿಸಿದರು. ಕೊಲ್ಲಾಪುರದಲ್ಲೂ ಇದೇ ಆಯಿತು. ಅಣ್ಣ ಗಾದಿಯ ಮೇಲೆ ಉಳಿದ. ಬಂಡಾಯದ ಕಡೆ ಇದ್ದ ಅಂತ ತಮ್ಮ ಚಿಮಾಸಾಹೇಬನನ್ನು ಕರಾಚಿಗೆ ಗಡಿಪಾರು ಮಾಡಿದರು, ಅಲ್ಲೇ ಸತ್ತ. ದೊಡ್ಡಮನೆಯವರಿಗೆ ಹೋರಾಡಲು ಕಾರಣವಿತ್ತು, ಕಾಯಲೂ ಕಾರಣವಿತ್ತು. ಎರಡೂ ಕಾರಣ ಒಂದೇ ಗಂಟಿನಲ್ಲಿದ್ದವು. ಅದಕ್ಕೇ ಪ್ರತಿಯೊಬ್ಬರೂ ತಮ್ಮ ತಮ್ಮ ಪೆಟ್ಟಿಗೆಗೆ ಕೈ ಬೀಳುವವರೆಗೆ ಕಾದರು. ಸುರಪುರ ತನ್ನ ದಿನ ಎದ್ದಿತು, ಹಮ್ಮಿಗಿ ತನ್ನ ದಿನ, ನರಗುಂದ ತನ್ನ ದಿನ. ಎಲ್ಲರನ್ನೂ ಒಂದೇ ದಿನ ಎಬ್ಬಿಸಬೇಕು ಅಂತ ಓಡಾಡಿದ ಭೀಮರಾಯನಿಗೆ ಕಾಲವೇ ಸಿಗಲಿಲ್ಲ.

ಕೋಟೆ, ಕುದುರೆ, ಮದ್ದು, ಊರಿಂದೂರಿಗೆ ಪತ್ರ ಒಯ್ಯುವ ಜನ, ಇವೆಲ್ಲ ದೊಡ್ಡಮನೆಗಳು ಕೊಟ್ಟದ್ದು. ಅವರಿಲ್ಲದೆ ನರಗುಂದದ ಹೆಸರು ಇಷ್ಟು ದೂರ ಕೇಳುತ್ತಿರಲಿಲ್ಲ. ಬಾಬಾಸಾಹೇಬರ ಹೆಸರು ಹೇಳುವಾಗ ನಾನು ಈಗಲೂ ಕೈ ಮುಗಿಯುತ್ತೇನೆ. ಆದರೂ ಒಂದು ಲೆಕ್ಕ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಲಗಲಿಯಿಂದ ನರಗುಂದಕ್ಕೆ ಕುದುರೆಯ ಮೇಲೆ ಎರಡು ದಿನದ ದಾರಿ. 1857ರ ನವೆಂಬರ್ ಕೊನೆಯ ಆ ರಾತ್ರಿ, ಹಲಗಲಿಯ ಗುಡಿಸಲುಗಳು ಉರಿಯುವಾಗ, ನರಗುಂದದ ಗುಡ್ಡದ ಮೇಲೆ ಕೋಟೆ ಗಟ್ಟಿಯಾಗಿತ್ತು. ಕೊಪ್ಪಳದ ಕೋಟೆ ಗಟ್ಟಿಯಾಗಿತ್ತು. ಭೀಮರಾಯ, ಕೆಂಚನಗೌಡ, ವೆಂಕಟಪ್ಪ ನಾಯಕ, ಬಾಬಾಸಾಹೇಬ, ನಾಲ್ವರೂ ಬದುಕಿದ್ದರು.